ದೀಪಾವಳಿಗೆ ನಿಂತುಬಿಟ್ಟ ಲೆಕ್ಕ

ಬೆಳಿಗ್ಗೆ ಏಳು ಗಂಟೆಗೇ ಕಾರಟಗಿ ರಸ್ತೆಯ ಅಕ್ಕಿ ಗಿರಣಿಯಿಂದ ಫೋನ್ ಬಂತು. "ತಮ್ಮಾ, ಲೆಕ್ಕದ ಮಷಿನ್ ಏಳವಲ್ದು. ಹೊರಗ ನೆಲ್ಲಿನ ಲಾರಿ ನಿಂತಾವ. ಲಗೂನ ಬಾ." ರಾತ್ರಿ ಕರೆಂಟ್ ಹೋಗಿತ್ತಂತೆ. ಯುಪಿಎಸ್ ಬ್ಯಾಟರಿ ಯಾವಾಗಲೋ ಸತ್ತಿತ್ತು.

ಆ ಗಿರಣಿಯ ಲೆಕ್ಕದ ಪ್ರೋಗ್ರಾಂ ಹಳೇ ಡಾಸ್ ಕಾಲದ್ದು, ಫಾಕ್ಸ್‌ಪ್ರೋ ಅನ್ನುವ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಬರೆದದ್ದು. 64 ಬಿಟ್ ವಿಂಡೋಸ್‌ನಲ್ಲಿ ಅದು ಓಡುವುದೇ ಇಲ್ಲ. ಅದಕ್ಕೆ ವರ್ಚುವಲ್‌ಬಾಕ್ಸ್ ಒಳಗೆ, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರಿನೊಳಗೆ, ವಿಂಡೋಸ್ ಎಕ್ಸ್‌ಪಿ ಹಾಕಿ ಇಟ್ಟುಕೊಂಡಿದ್ದಾರೆ. ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರಲ್ಲೇ ಕೈಬಿಟ್ಟಿತು, ಆದರೆ ಗಂಗಾವತಿ ಸುತ್ತಮುತ್ತ ಇಂಥ ಎಷ್ಟೋ ಲೆಕ್ಕ ಇನ್ನೂ ಅದರ ಮೇಲೇ ನಡೆಯುತ್ತಿದೆ. ನಾನು ಹೋಗಿ ನೋಡಿದರೆ ಎಕ್ಸ್‌ಪಿ ಶುರುವಾಗುತ್ತದೆ, ನೀಲಿ ಪರದೆ ಬರುತ್ತದೆ, ಮತ್ತೆ ಶುರುವಾಗುತ್ತದೆ.

ಸಾಹುಕಾರರಿಗೆ ಒಂದೇ ಮಾತು ಹೇಳಿದೆ. ಮಷಿನ್ ಏಳದಿದ್ದರೂ ಲೆಕ್ಕ ಹೋಗಿಲ್ಲ. ಆ ಎಕ್ಸ್‌ಪಿಯ ಇಡೀ ಡಿಸ್ಕ್ ಅಂದರೆ ವಿಡಿಐ ಅನ್ನುವ ಒಂದು ಫೈಲ್, ಅಷ್ಟೆ. ಅದರೊಳಗೆ ಕೈ ಹಾಕಿ ಬೇಕಾದ್ದನ್ನು ತೆಗೆಯಬಹುದು.

ಮೊದಲು ಆ ಫೈಲಿನ ನಕಲು ಮಾಡಿಕೊಂಡೆ. ಒಳಗಿನ ಎಕ್ಸ್‌ಪಿಗೆ 40 ಜಿಬಿ ಡಿಸ್ಕ್ ಕಾಣುತ್ತದೆ, ಹೊರಗೆ ಫೈಲ್ ಮಾತ್ರ 11 ಜಿಬಿ. ಬರೆದಷ್ಟೇ ಬೆಳೆಯುವ ಡಿಸ್ಕ್ ಅದು. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟಿನದ್ದಾಗಿದ್ದರೆ 4 ಜಿಬಿ ದಾಟಿದ ಫೈಲ್ ಹಿಡಿಯುವುದಿಲ್ಲ, ಹಾಗಾಗಿ ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ನನ್ನ ಕಂಪ್ಯೂಟರ್ ಅಂಗಡಿಗೆ ತಂದೆ.

ಅಂಗಡಿಯಲ್ಲಿ ನನ್ನದು ವಿಂಡೋಸ್ ಅಲ್ಲ, ಲಿನಕ್ಸ್. ಲಿಬ್‌ಗೆಸ್ಟ್‌ಎಫ್‌ಎಸ್ ಅಂತ ಒಂದು ಸಲಕರಣೆ ಇದೆ. ಅದು ತನ್ನದೇ ಪುಟ್ಟ ಲಿನಕ್ಸ್ ಒಂದನ್ನು ಎಬ್ಬಿಸಿ, ಅದರೊಳಗೆ ಡಿಸ್ಕ್ ಫೈಲನ್ನು ಜೋಡಿಸಿಕೊಳ್ಳುತ್ತದೆ. ರೂಟ್ ಪಾಸ್‌ವರ್ಡ್, ಅಂದರೆ ಲಿನಕ್ಸ್‌ನ ಮುಖ್ಯ ಪಾಸ್‌ವರ್ಡ್ ಕೂಡ ಬೇಡ. ಅದರ ವರ್ಟ್-ಎಲ್‌ಎಸ್ ಆಜ್ಞೆ ಕೊಟ್ಟರೆ ಒಳಗೇನಿದೆ ಅಂತ ಪಟ್ಟಿ ಬರುತ್ತದೆ. ವರ್ಟ್-ಕಾಪಿ-ಔಟ್ ಕೊಟ್ಟರೆ ಫೋಲ್ಡರಿಗೆ ಫೋಲ್ಡರೇ ಹೊರಗೆ ಬರುತ್ತದೆ, ಅದೂ ಓದುವುದಕ್ಕೆ ಮಾತ್ರ ತೆರೆದು, ಮೂಲಕ್ಕೆ ಏನೂ ಆಗದ ಹಾಗೆ. ಫಾಕ್ಸ್‌ಪ್ರೋದ ಲೆಕ್ಕ ಇರುವ ಡಿಬಿಎಫ್ ಫೈಲ್ ಒಂದನ್ನೇ ಆರಿಸಬೇಡಿ. ಜೊತೆಗಿರುವ ಸಿಡಿಎಕ್ಸ್ (ಹುಡುಕಲು ಬೇಕಾದ ಇಂಡೆಕ್ಸ್), ಎಫ್‌ಪಿಟಿ (ಉದ್ದನೆಯ ಟಿಪ್ಪಣಿ) ಎಲ್ಲಾ ಬೇಕು. ನಾನು ಇಡೀ ಫೋಲ್ಡರನ್ನೇ ಎಳೆದೆ.

ರೈತರ ಹೆಸರಿನ ಪಟ್ಟಿ ಬೇರೆ ವರ್ಡ್ ಫೈಲಿನಲ್ಲಿತ್ತು. ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕೆಟ್ಟೇಹೋಯಿತು ಅಂದುಕೊಂಡೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಯೂನಿಕೋಡ್ ಅಲ್ಲ. ಅದೇ ಡಿಸ್ಕಿನ ವಿಂಡೋಸ್ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟನ್ನೂ ಹೊರಗೆ ತಂದು ಹಾಕಿದ ಮೇಲೆ ಹೆಸರುಗಳು ಒಂದೊಂದಾಗಿ ಕಂಡವು. ನಮ್ಮ ಕಡೆಯ ಹಳೇ ಡಿಸ್ಕ್ ತೆರೆಯುವವರು ಫಾಂಟ್ ಮರೆಯಬಾರದು.

ಮಧ್ಯಾಹ್ನದ ಹೊತ್ತಿಗೆ ಗಿರಣಿಗೆ ಹೋಗಿ ತೋರಿಸಿದೆ. ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. "ಇದು ದೀಪಾವಳಿಗೆ ನಿಂತೈತಲ್ಲೋ ತಮ್ಮಾ. ಆಮ್ಯಾಲಿಂದು ಎಲ್ಲೈತಿ?"

ನನ್ನ ಎದೆ ಧಸಕ್ ಅಂತು. ನಕಲು ಮಾಡುವಾಗ ಆ ವಿಡಿಐ ಫೈಲಿನ ತಾರೀಕನ್ನು ನಾನು ನೋಡಿರಲಿಲ್ಲ. ಅದೂ ದೀಪಾವಳಿಯದ್ದೇ. ಆವತ್ತು ಯಾರೋ ಸ್ನ್ಯಾಪ್‌ಶಾಟ್ ತೆಗೆದಿದ್ದಾರೆ. ಸ್ನ್ಯಾಪ್‌ಶಾಟ್ ತೆಗೆದ ಗಳಿಗೆಯಿಂದ ಹಳೇ ಫೈಲ್ ಹಾಗೇ ನಿಲ್ಲುತ್ತದೆ. ಆಮೇಲೆ ಬರೆದದ್ದೆಲ್ಲಾ ಪಕ್ಕದ ಸ್ನ್ಯಾಪ್‌ಶಾಟ್ಸ್ ಫೋಲ್ಡರಿನ ಇನ್ನೊಂದು ವಿಡಿಐಗೆ ಹೋಗುತ್ತದೆ. ಆ ಎರಡನೇದನ್ನು ಒಂಟಿಯಾಗಿ ಕೊಟ್ಟರೆ ಲಿನಕ್ಸ್ ಕಡೆಯ ಸಲಕರಣೆ ತೆರೆಯುವುದೇ ಇಲ್ಲ. ಹಾಗಾಗಿ ಗಿರಣಿಯ ಕಂಪ್ಯೂಟರಿನಲ್ಲೇ, ವರ್ಚುವಲ್‌ಬಾಕ್ಸ್‌ನ ಕ್ಲೋನ್‌ಮೀಡಿಯಂ ಆಜ್ಞೆ ಕೊಟ್ಟು ಎರಡನ್ನೂ ಸೇರಿಸಿ ಹೊಸದೊಂದು ಪೂರ್ತಿ ಡಿಸ್ಕ್ ಮಾಡಿಕೊಂಡೆ. ಅದರಿಂದ ಮತ್ತೆ ಫೋಲ್ಡರ್ ಹೊರಗೆ ತೆಗೆದೆ. ಈ ಸಲ ಹಿಂದಿನ ದಿನದ ತನಕ ಇತ್ತು.

ಸ್ನ್ಯಾಪ್‌ಶಾಟಿನಿಂದ ಒಂದು ಉಪಕಾರವೂ ಆಯಿತು. ದೀಪಾವಳಿಯ ಡಿಸ್ಕಿನಲ್ಲಿ ಎಕ್ಸ್‌ಪಿ ಚೆನ್ನಾಗಿತ್ತು. ಅದನ್ನೂ ಕ್ಲೋನ್ ಮಾಡಿದೆ. ಸುಮ್ನೆ ಫೈಲ್ ನಕಲು ಮಾಡಿದರೆ ಎರಡಕ್ಕೂ ಒಂದೇ ಯುಯುಐಡಿ, ಅಂದರೆ ಡಿಸ್ಕಿನ ಗುರುತಿನ ಸಂಖ್ಯೆ ಇರುತ್ತದೆ, ವರ್ಚುವಲ್‌ಬಾಕ್ಸ್ ಒಪ್ಪುವುದಿಲ್ಲ. ಆ ಹೊಸ ಡಿಸ್ಕಿನೊಳಗೆ ವರ್ಟ್-ಕಾಪಿ-ಇನ್ ಕೊಟ್ಟು ತಾಜಾ ಫೋಲ್ಡರನ್ನು ತಳ್ಳಿದೆ.

ಒಳಗೆ ಬರೆಯುವಾಗ ಮಾತ್ರ ವರ್ಚುವಲ್‌ಬಾಕ್ಸ್ ಒಳಗಿನ ಆ ಮಷಿನ್ ಪೂರ್ತಿ ಬಂದ್ ಆಗಿರಬೇಕು. ಸೇವ್ಡ್ ಸ್ಟೇಟ್‌ನಲ್ಲೂ, ಅಂದರೆ ಓಡುತ್ತಿದ್ದ ಹಾಗೇ ಅರ್ಧಕ್ಕೆ ನಿಲ್ಲಿಸಿಟ್ಟ ಸ್ಥಿತಿಯಲ್ಲೂ ಇರಬಾರದು. ನನಗೆ ಇದು ಒಂದು ಡಿಸ್ಕ್ ಕಳೆದುಕೊಂಡು ಗೊತ್ತಾಯಿತು. ಹೊಸಪೇಟೆಯಲ್ಲಿ ಕೆಲಸಕ್ಕಿದ್ದಾಗ, ಓಡುತ್ತಿದ್ದ ಮಷಿನಿನ ಡಿಸ್ಕಿಗೆ ಹೊರಗಿನಿಂದ ಒಂದು ಸಣ್ಣ ಫೈಲ್ ಹಾಕಿದೆ. ಅರ್ಧ ಗಂಟೆಯಲ್ಲಿ ಫೋಲ್ಡರುಗಳೇ ಮಾಯ. ಒಂದೇ ಖಾತೆ ಪುಸ್ತಕವನ್ನು ಇಬ್ಬರು ಗುಮಾಸ್ತರು ಬರೆಯುತ್ತಾ, ಖಾಲಿ ಹಾಳೆ ಯಾವುದು ಅಂತ ಇಬ್ಬರೂ ತಮ್ಮ ತಮ್ಮ ನೆನಪಿನಲ್ಲೇ ಇಟ್ಟುಕೊಂಡರೆ ಏನಾಗುತ್ತದೆ? ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆಯುತ್ತಾರೆ, ಅಲ್ವಾ? ಡಿಸ್ಕಿನಲ್ಲೂ ಹಾಗೇ.

ಸಂಜೆ ಎಕ್ಸ್‌ಪಿ ಎದ್ದಿತು. ಪ್ರೋಗ್ರಾಂ ತೆರೆದು ಇಂಡೆಕ್ಸ್ ಹೊಸದಾಗಿ ಕಟ್ಟಿಸಿದೆ. ಗುಮಾಸ್ತರು ತೂಕದ ಚೀಟಿಯ ಪುಸ್ತಕ ತಂದು, ಕಾರ್ಬನ್ ಹಾಳೆ ಮಡಚಿ, ಕರೆಂಟ್ ಹೋಗುವ ಮುಂಚಿನ ಕೊನೆಯ ಚೀಟಿ ಓದಿದರು. ನಂಬರು, ಲಾರಿ, ಎಪ್ಪತ್ತೈದು ಕೆಜಿಯ ಚೀಲ ಎಷ್ಟು ಅನ್ನುವುದು. ನಾನು ಪರದೆ ನೋಡುತ್ತಾ "ಹೌದು" ಅಂದೆ. ಅದರ ಹಿಂದಿನದು ಓದಿದರು. ಅದಕ್ಕೂ ಹೌದು. ಹೀಗೇ ಇಪ್ಪತ್ತು ಚೀಟಿ ತಾಳೆ ನೋಡಿದ ಮೇಲೆ ಅವರು ಪುಸ್ತಕ ಮುಚ್ಚಿ, ಹೊರಗೆ ನಿಂತಿದ್ದ ಮೊದಲ ಲಾರಿಯನ್ನು ತೂಕಕ್ಕೆ ಕರೆದರು.