ಶಿಯುತು ರಾಜನ ಮಗ

ಚೀನಾದ ಕ್ಸಿಯಾನ್‌ಗೆ ಬರುವ ನಮ್ಮವರು ಮಣ್ಣಿನ ಸೈನಿಕರನ್ನು ನೋಡಿ ವಾಪಸ್ ಹೋಗಿಬಿಡುತ್ತಾರೆ. ಇಲ್ಲೇ ನೆಲೆಸಿರುವ ನನ್ನ ಮಾತು ಕೇಳಿ, ಅರ್ಧ ದಿನ ಉಳಿಸಿಕೊಂಡು ಪಶ್ಚಿಮಕ್ಕಿರುವ ಮಾವೊಲಿಂಗ್‌ಗೂ ಹೋಗಿಬನ್ನಿ. ಎರಡು ಸಾವಿರ ವರ್ಷಗಳ ಹಿಂದೆ ಚೀನಾ ಆಳಿದ ಹಾನ್ ವಂಶದ ದೊರೆ ವು ಅವನ ಸಮಾಧಿ ಅಲ್ಲಿದೆ. ಅವನ ದಂಡನಾಯಕ ಹುವೋ ಚುಬಿಂಗ್‌ನದೂ ಇದೆ. ಅಲ್ಲಿರುವ ಕಲ್ಲಿನ ಕುದುರೆಯ ಫೋಟೊ ಎಲ್ಲರೂ ತೆಗೆಯುತ್ತಾರೆ. ಸ್ವಲ್ಪ ಬಗ್ಗಿ ನೋಡಿ. ಕುದುರೆಯ ಹೊಟ್ಟೆಯಡಿ ಗಡ್ಡದ ಮನುಷ್ಯನೊಬ್ಬ ಬಿಲ್ಲು ಹಿಡಿದು ಅಂಗಾತ ಬಿದ್ದಿದ್ದಾನೆ. ಅವನು ಶಿಯೋಂಗ್ನು. ಹತ್ತಿರದಲ್ಲೇ ಇನ್ನೊಂದು ಮಣ್ಣಿನ ದಿಬ್ಬವಿದೆ. ಅದೂ ಶಿಯೋಂಗ್ನು ಒಬ್ಬನ ಸಮಾಧಿಯೇ. ಹೆಸರು ಜಿನ್ ಮಿದಿ. ನನಗೆ ಅಲ್ಲಿ ಎಲ್ಲಕ್ಕಿಂತ ಪ್ರೀತಿಯ ಜಾಗ ಅದು.

ಶಿಯೋಂಗ್ನು ಅಂದರೆ ಉತ್ತರದ ಹುಲ್ಲುಗಾವಲಿನ ಕುದುರೆ ಸವಾರರು. ಅವರಲ್ಲೇ ಶಿಯುತು ಅಂತ ಒಂದು ಬುಡಕಟ್ಟು ಈಗಿನ ಗಾನ್ಸು ಪ್ರಾಂತ್ಯದ ವುವೇ ಸುತ್ತಮುತ್ತ ಇತ್ತು. ಕ್ರಿ.ಪೂ. 121ರಲ್ಲಿ ಹುವೋ ಚುಬಿಂಗ್ ದಾಳಿ ಮಾಡಿ, ಅವರು ಆಕಾಶದೇವರ ಪೂಜೆಗೆ ಇಟ್ಟುಕೊಂಡಿದ್ದ ಚಿನ್ನದ ಮೂರ್ತಿಯನ್ನು ಹೊತ್ತೊಯ್ದ. ಸೋತಿದ್ದಕ್ಕೆ ಶಿಯೋಂಗ್ನುಗಳ ದೊಡ್ಡ ದೊರೆಯೇ ತಲೆ ತೆಗೆಸುತ್ತಾನೆಂದು ಹೆದರಿ, ಶಿಯುತು ಮತ್ತು ಪಕ್ಕದ ಹುನ್ಯೆ ರಾಜರು ಹಾನ್‌ಗೆ ಶರಣಾಗಲು ನಿಶ್ಚಯಿಸಿದರು. ಆಮೇಲೆ ಶಿಯುತು ರಾಜ ಮನಸ್ಸು ಬದಲಿಸಿದ. ಹುನ್ಯೆ ರಾಜ ಅವನನ್ನು ಕೊಂದು, ಅವನ ಜನರನ್ನೂ ಸೇರಿಸಿಕೊಂಡು ಶರಣಾದ.

ಸತ್ತ ರಾಜನ ಮಗ ಮಿದಿಗೆ ಆಗ 14 ವರ್ಷ. ತಾಯಿ, ತಮ್ಮನ ಜೊತೆ ಅವನು ಹಾನ್ ಅರಮನೆಯಲ್ಲಿ ಗುಲಾಮನಾದ. ಕುದುರೆಗೆ ಮೇವು ಹಾಕುವ ಕೆಲಸ ಸಿಕ್ಕಿತು. ಒಮ್ಮೆ ಔತಣದ ನಡುವೆ ದೊರೆ ವು ಕುದುರೆಗಳನ್ನು ತರಿಸಿದ. ಸುತ್ತ ಅಂತಃಪುರದ ಹೆಂಗಸರು ತುಂಬಿದ್ದರು. ಬೇರೆ ಆಳುಗಳೆಲ್ಲ ಕದ್ದು ಕದ್ದು ಅತ್ತ ನೋಡಿದರು. ಮಿದಿ ಮಾತ್ರ ಕಣ್ಣೆತ್ತಲಿಲ್ಲ. ಅವನ ಕುದುರೆಗಳೂ ಚೆನ್ನಾಗಿ ಮೈತುಂಬಿಕೊಂಡಿದ್ದವು. ದೊರೆ ಅವತ್ತೇ ಅವನನ್ನು ಲಾಯದ ಮೇಲ್ವಿಚಾರಕನನ್ನಾಗಿ ಮಾಡಿದ.

ತಾಯಿ ತೀರಿಕೊಂಡ ಮೇಲೆ ದೊರೆ ಅವಳ ಚಿತ್ರ ಬರೆಸಿ ಅರಮನೆಯಲ್ಲಿ ಹಾಕಿಸಿದ. 'ಶಿಯುತು ರಾಜನ ರಾಣಿ' ಎಂದೇ ಅದರ ಮೇಲೆ ಬರೆಸಿದ. ಅದನ್ನು ಕಂಡಾಗಲೆಲ್ಲ ಮಿದಿ ನಮಸ್ಕರಿಸಿ, ಅತ್ತು, ಆಮೇಲೆ ಮುಂದೆ ಹೋಗುತ್ತಿದ್ದನಂತೆ. ಪರದೇಶದಲ್ಲಿ ಕೂತು ಅಮ್ಮನ ಫೋಟೊ ನೋಡುವವರಿಗೆ ಈ ಮಾತು ಜಾಸ್ತಿ ತಟ್ಟುತ್ತದೆ, ಅಲ್ವಾ?

ಮುಂದೆ ದೊರೆಯನ್ನು ಕೊಲ್ಲಲು ಬಂದವನನ್ನು ಮಿದಿಯೇ ತಬ್ಬಿ ಹಿಡಿದು ಕೆಡವಿದ. ಕ್ರಿ.ಪೂ. 87ರಲ್ಲಿ ಸಾಯುವ ಹೊತ್ತಿಗೆ ದೊರೆ ತನ್ನ ಪುಟ್ಟ ಮಗನ ಹೊಣೆಯನ್ನು ಹುವೋ ಗುವಾಂಗ್‌ಗೆ ಒಪ್ಪಿಸಲು ಹೊರಟ. ಇವನು ಅದೇ ಹುವೋ ಚುಬಿಂಗ್‌ನ ಮಲತಮ್ಮ. ನನಗಿಂತ ಮಿದಿ ಮೇಲು ಎಂದ ಗುವಾಂಗ್. ಮಿದಿ ಒಪ್ಪಲಿಲ್ಲ. ನಾನು ಹೊರನಾಡಿನವನು, ಶಿಯೋಂಗ್ನುಗಳು ಹಾನ್ ರಾಜ್ಯವನ್ನು ಹಗುರವಾಗಿ ಕಂಡಾರು ಎಂದ. ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಬಾಳಿದವನ ಮಾತು ಇದು. ಕೊನೆಗೆ ಅವನು ಗುವಾಂಗ್‌ನ ಕೈಕೆಳಗೆ ನಿಂತ. ಗುವಾಂಗ್ ತನ್ನ ಮಗಳನ್ನು ಮಿದಿಯ ಮಗನಿಗೇ ಕೊಟ್ಟು ಮದುವೆ ಮಾಡಿದ.