ಆತ್ಮರಕ್ಷಣೆಗಲ್ಲ, ಗೆಲ್ಲಲಿಕ್ಕೆ

ನಮ್ಮ ಕಾಸರಗೋಡಿನ ಉಪ್ಪಳ, ಮಂಜೇಶ್ವರ ಕಡೆ ಹೆಣ್ಮಕ್ಳು ಕರಾಟೆ ಕ್ಲಾಸಿಗೆ ಹೋಗುವುದು ಈಗ ದೊಡ್ಡ ವಿಷಯವೇ ಅಲ್ಲ, ಆದ್ರೆ ಮನೆಯಲ್ಲಿ ಕೇಳುವಾಗ ಎಲ್ಲರೂ ಹೇಳೋದು ಒಂದೇ, ಆತ್ಮರಕ್ಷಣೆಗೆ ಅಂತ. ನಾನೂ ಅದನ್ನೇ ಹೇಳಿದ್ದು, ಉಮ್ಮ ಕೂಡ್ಲೇ ಒಪ್ಪಿದ್ರು. ಕುಮಿತೆಗೆ, ಅಂದ್ರೆ ಎದುರಿಗೆ ಇನ್ನೊಬ್ಳು ನಿಂತು ಹೊಡೆದಾಡುವ ಸ್ಪರ್ಧೆಗೆ ಹೆಸರು ಕೊಡ್ತೇನೆ ಅಂದಾಗ ಶುರುವಾಯ್ತು ನೋಡಿ, ಅದೆಲ್ಲ ನಿನಗೆ ಎಂತಕ್ಕೆ ಮೋಳೇ ಅಂತ. ಯಾರಾದ್ರೂ ಮೈಮೇಲೆ ಬಂದ್ರೆ ಮಾತ್ರ ನಾನು ಕಾಲೆತ್ತಬಹುದು ಅಂತಾಯ್ತಲ್ಲ! ನನಗೆ ಬೇಕಾದದ್ದು ಇಪ್ಪೋನ್, ತಲೆಗೆ ಒಂದು ಕ್ಲೀನ್ ಕಿಕ್, 3 ಪಾಯಿಂಟ್.

ನಾನು ತಲೆಗೆ ಕಟ್ಟುವ ಶಾಲಿನ ಪ್ರಶ್ನೆ ಹೊರಗಿನವರದ್ದು. ಅದನ್ನು ಹಾಕ್ಕೊಂಡು ಹೇಗೆ ಫೈಟ್ ಮಾಡ್ತಿ ಅಂತ. ವರ್ಲ್ಡ್ ಕರಾಟೆ ಫೆಡರೇಶನಿನ ರೂಲಲ್ಲೇ ಉಂಟು ಮಾರಾಯ್ರೆ, ಕಪ್ಪು ಬಟ್ಟೆ, ಕೂದಲು ಮುಚ್ಚಬಹುದು, ಗಂಟಲು ಮುಚ್ಚಬಾರದು. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಫೆರ್ಯಾಲ್ ಅಶ್ರಫ್ ತಲೆಗೆ ಬಟ್ಟೆ ಕಟ್ಟಿಕೊಂಡೇ 61 ಕೆಜಿ ಮೇಲಿನ ಕುಮಿತೆಯಲ್ಲಿ ಗೋಲ್ಡ್ ಹೊಡೆದ್ರು, ಈಜಿಪ್ಟಿನ ಹೆಂಗಸೊಬ್ಬರಿಗೆ ಸಿಕ್ಕಿದ ಮೊದಲ ಒಲಿಂಪಿಕ್ ಚಿನ್ನ ಅದು. 2012ರ ಲಂಡನಿನಲ್ಲಿ ಸೌದಿಯ ವೊಜ್ದಾನ್ ಶಹರ್‌ಖಾನಿ ಜೂಡೋ ಆಡಲಿಕ್ಕೆ ಬಂದಾಗ ಬಿಡಬೇಕಾ ಬೇಡವಾ ಅಂತ ದಿನಗಟ್ಟಲೆ ಚರ್ಚೆ, ಕೊನೆಗೆ ಒಂದು ಸ್ಪೆಷಲ್ ಟೊಪ್ಪಿ ಹಾಕಿಸಿ ಬಿಟ್ರು, ಮ್ಯಾಚ್ ಮುಗಿದದ್ದು 82 ಸೆಕೆಂಡಲ್ಲಿ. ಬಾಕ್ಸಿಂಗಿನವರು ತಲೆಗೆ ಬಟ್ಟೆ ಕಟ್ಟಲಿಕ್ಕೆ ಒಪ್ಪಿದ್ದು 2019ರಲ್ಲಿ. ಇನ್ನು ನಮ್ಮ ಬಾಕ್ಸರ್ ನಿಖತ್ ಜರೀನ್, 2022, 2023 ಎರಡು ಸಲವೂ ವಿಶ್ವ ಚಾಂಪಿಯನ್, ಅವರು ಶಾರ್ಟ್ಸ್ ಹಾಕಿದ್ದಕ್ಕೆ ಬೇರೆ ಮಾತು ಕೇಳಬೇಕಾಯ್ತು. ಒಬ್ಬಳಿಗೆ ಬಟ್ಟೆ ಜಾಸ್ತಿ ಆಯ್ತಂತೆ, ಇನ್ನೊಬ್ಬಳಿಗೆ ಕಮ್ಮಿ. ಪಂಚ್ ನೋಡುವವರು ಯಾರು ಹಾಗಾದ್ರೆ?

ಇಲ್ಲಿ ನಮ್ಮ ಲೆಕ್ಕ ಮೊದಲೇ ಗೋಜಲು. ಮನೆಯಲ್ಲಿ ಬ್ಯಾರಿ, ಕಲಿತದ್ದು ಕನ್ನಡ ಮೀಡಿಯಂ, ಪೇಟೆಯಲ್ಲಿ ತುಳು, ಆಫೀಸುಗಳಲ್ಲಿ ಮಲಯಾಳ. ಮಂಗಳೂರಿಗೆ ಹೋದ್ರೆ ಕೇರಳದವಳು, ಕಣ್ಣೂರಿಗೆ ಹೋದ್ರೆ ಕನ್ನಡದವಳು. ಮ್ಯಾಟ್ ಮೇಲೆ ನಾನು ಬರೀ ಆಕ, ಕೆಂಪು ಬೆಲ್ಟಿನವಳು, ಎದುರಿನವಳು ಆವೊ, ನೀಲಿ. ಹಾಗಂತ ಅಲ್ಲಿ ಎಲ್ಲ ಸಮಾನ ಅಂತ ಡೈಲಾಗ್ ಹೊಡೆಯುದಿಲ್ಲ, ಸೋತ್ರೆ ಗ್ಯಾಲರಿಯವರಿಗೆ ನಾನು ಆ ಶಾಲಿನ ಹುಡುಗಿಯೇ.

ಆದ್ರೆ ನಮ್ಮ ಬ್ಯಾಚಲ್ಲಿ ಒಬ್ಳು ಬಂಟರ ಹುಡುಗಿ ಇದ್ದಾಳೆ. ಮ್ಯಾಟಿಗೆ ಹತ್ತುವ ಮೊದಲು ನನ್ನ ಪಿನ್ನೆಲ್ಲ ತೆಗೆದು ಶಾಲು ಒಳಗೆ ಸಿಕ್ಕಿಸಿ ಕೊಡುವುದು ಅವಳೇ, ಅವಳ ಜಡೆ ಬಿಗಿ ಮಾಡುವುದು ನಾನು, ಆಮೇಲೆ ಪಕ್ಕೆಗೆ ಒಂದು ಬಿಡ್ತಾಳೆ, ದಯೆ ದಾಕ್ಷಿಣ್ಯ ಏನೂ ಇಲ್ಲ. ನನಗೆ ಅದು ಎಷ್ಟು ಇಷ್ಟ ಗೊತ್ತುಂಟಾ. ಕಷ್ಟ ಏನಂದ್ರೆ ನಮ್ಮಿಬ್ಬರದ್ದೂ ಒಂದೇ ವೇಟ್ ಕೆಟಗರಿ, ಜಿಲ್ಲಾ ಮಟ್ಟದಲ್ಲಿ ಡ್ರಾ ಹೇಗೆ ಬೀಳ್ತದೋ ಅಂತ ಈಗಲೇ ಇಬ್ರಿಗೂ ಟೆನ್ಶನ್.