ಕೈ ನನ್ನ ಮಾತು ಕೇಳಲಿಲ್ಲ

ಕಾಲೇಜಿನ ವಾರ್ಷಿಕ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಅಂತ ಈಗಿನ ವಿದ್ಯಾರ್ಥಿಗಳು ಫೋನ್ ಮಾಡಿದಾಗ ಖುಷಿಯಿಂದ ಒಪ್ಪಿಕೊಂಡೆ. ಆಮೇಲೆ ಸ್ವಲ್ಪ ಅಳುಕಾಯಿತು. ನೆನಪನ್ನು ಜಾಸ್ತಿ ನಂಬಬೇಡ ಅಂತ ಕಲಿಸಿದ್ದೇ ಈ ಕಾಲೇಜು, ಅಲ್ವಾ?

ನಾನು ಬಿ.ಎ.ಗೆ ಸೇರಿದ್ದು 1996ರಲ್ಲಿ. ಇತಿಹಾಸ, ಸಮಾಜಶಾಸ್ತ್ರದ ಜೊತೆಗೆ ಮನೋವಿಜ್ಞಾನ ತೆಗೆದುಕೊಂಡೆ. ದೊಡ್ಡ ಕಾರಣವೇನೂ ಇರಲಿಲ್ಲ. ಪ್ರಾಕ್ಟಿಕಲ್ ಇದೆ, ಮಾರ್ಕ್ಸ್ ಸಿಗುತ್ತೆ ಅಂತ ಸೀನಿಯರ್ ಒಬ್ಬಳು ಹೇಳಿದ್ದಳು. ಊರಲ್ಲಿ ಕೋಲಾರದ ಬಸ್ಸಿಗೆ ಕಾಯುತ್ತಾ ನಿಂತರೆ ಟೀ ಅಂಗಡಿಯವರು, "ಏನಮ್ಮಾ, ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ" ಅಂತ ದಿನಾ ಕೇಳೋರು. ನನಗೂ ಒಳಗೊಳಗೆ ಅದೇ ಆಸೆ ಇತ್ತು.

ಮೊದಲ ಕ್ಲಾಸಿನಲ್ಲೇ ಮೇಡಂ ಆ ಆಸೆಗೆ ಎಳ್ಳುನೀರು ಬಿಟ್ಟರು. "ಮನಸ್ಸು ಓದೋದು ಕಲಿಯೋಕೆ ಬಂದಿದ್ರೆ ಇವತ್ತೇ ಆಫೀಸಿಗೆ ಹೋಗಿ ಸಬ್ಜೆಕ್ಟ್ ಬದಲಾಯಿಸಿಕೊಳ್ಳಿ. ಇಲ್ಲಿ ನೋಡಿದ್ದನ್ನ ನೋಡಿದ ಹಾಗೆ ಬರೆಯೋದು ಕಲಿಸ್ತೀನಿ." ಆಮೇಲೆ ಬೋರ್ಡಿನ ಮೇಲೆ 1879, ಲೈಪ್ಜಿಗ್, ವಿಲ್ಹೆಲ್ಮ್ ವುಂಟ್ ಅಂತ ಬರೆದರು. ಆತ ಜರ್ಮನಿಯಲ್ಲಿ ಮನೋವಿಜ್ಞಾನದ ಮೊದಲ ಪ್ರಯೋಗಾಲಯ ಶುರು ಮಾಡಿದ ಕಥೆ. ಅದರ ಪಕ್ಕದಲ್ಲೇ 1924, ಮೈಸೂರು ಅಂತಲೂ ಬರೆದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದ ವರ್ಷ ಅದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಶುರು ಮಾಡಿದರು. 'ಆಕಾಶವಾಣಿ' ಅನ್ನೋ ಹೆಸರು ಬಂದಿದ್ದು ಅಲ್ಲಿಂದ. ಪರೀಕ್ಷೆಗೆ ಇದು ಬರುತ್ತಿರಲಿಲ್ಲ. ಆದರೆ ಮೇಡಂಗೆ ಇದನ್ನು ಹೇಳದಿದ್ದರೆ ಸಮಾಧಾನವಿಲ್ಲ.

ಪಾವ್ಲೋವ್ ಪಾಠದ ದಿನ ನನಗೊಂದು ಅಡ್ಡಹೆಸರು ಬಿತ್ತು. ಆತ ನಾಯಿಗಳ ಜೀರ್ಣಕ್ರಿಯೆಯನ್ನು ಪರೀಕ್ಷೆ ಮಾಡುತ್ತಿದ್ದವನು, 1904ರ ನೊಬೆಲ್ ಬಂದಿದ್ದೂ ಆ ಕೆಲಸಕ್ಕೇ. ಊಟ ಬಾಯಿಗೆ ಬೀಳುವ ಮೊದಲೇ, ಊಟ ಕೊಡುವವನ ಹೆಜ್ಜೆ ಸದ್ದಿಗೇ ನಾಯಿಗಳು ಜೊಲ್ಲು ಸುರಿಸುವುದನ್ನು ಕಂಡ. ಅಲ್ಲಿಂದ ಅಭಿಜಾತ ಅನುಬಂಧನ ಹುಟ್ಟಿತು, ಅಂದರೆ ಎರಡು ಸಂಗತಿ ಮತ್ತೆ ಮತ್ತೆ ಜೊತೆಗೇ ಬಂದರೆ ಮೊದಲನೆಯದಕ್ಕೇ ಮೈ ಸ್ಪಂದಿಸಲು ಕಲಿಯುವುದು. "ನಿಮ್ಮ ಮನೆಯದೇ ಒಂದು ಉದಾಹರಣೆ ಕೊಡಿ" ಅಂದರು ಮೇಡಂ. ಎಲ್ಲರೂ ಸುಮ್ನೆ ಕೂತಿದ್ದರು. ನಾನು ಎದ್ದು, "ಮೇಡಂ, ನಮ್ಮ ಸೀಮೆ ಹಸು" ಅಂದೆ. ಇಡೀ ಕ್ಲಾಸು ನಕ್ಕಿತು.

ಮೇಡಂ ನಗಲಿಲ್ಲ. ಬಳಪ ನನ್ನ ಕೈಗೇ ಕೊಟ್ಟರು. ಕರು ಬಾಯಿ ಹಾಕಿದರೆ ಹಸು ಹಾಲು ಇಳಿಸುತ್ತದೆ, ಇದನ್ನು ಯಾರೂ ಕಲಿಸಬೇಕಿಲ್ಲ. ಅದೇ ಹೊತ್ತಿಗೆ ದಿನಾ ಅಮ್ಮ ಸ್ಟೀಲ್ ಬಕೆಟ್ ತಂದು ಕುಕ್ಕುತ್ತಾಳೆ. ಕೆಲವು ದಿನದಲ್ಲಿ ಕರು ಇನ್ನೂ ಗೂಟದಲ್ಲೇ ಇರುತ್ತದೆ, ಬಕೆಟ್ ಸದ್ದಾದರೆ ಸಾಕು, ಮೊಲೆತೊಟ್ಟಲ್ಲಿ ಹಾಲು ತೊಟ್ಟಿಕ್ಕುತ್ತದೆ. ಬೋರ್ಡಿನ ಮೇಲೆ ಹೆಜ್ಜೆ ಸದ್ದಿನ ಜಾಗದಲ್ಲಿ ಬಕೆಟ್, ಜೊಲ್ಲಿನ ಜಾಗದಲ್ಲಿ ಹಾಲು ಬರೆದೆ. "ಸರಿ, ಬರೀ ಸದ್ದು ಮಾಡಿ ಹಾಲು ಕರೆಯದೇ ಇದ್ರೆ?" ಅಂತ ಕೇಳಿದರು. ಪುಸ್ತಕದಲ್ಲಿ ಉತ್ತರ ಇತ್ತು: ಕಲಿತದ್ದು ಮೆಲ್ಲಗೆ ಅಳಿಯುತ್ತದೆ. ನಾನು ಪುಸ್ತಕ ಬಿಟ್ಟು ಕೊಟ್ಟಿಗೆಗೆ ಹೋದೆ. ಎರಡು ದಿನ ಹೊತ್ತುಗೊತ್ತಿಲ್ಲದೆ ಖಾಲಿ ಬಕೆಟ್ ಕುಕ್ಕಿದೆ. ಮೂರನೇ ದಿನ ಅಪ್ಪ ಹಿಡಿದರು. "ನೆಲಕ್ಕೆ ಸುರಿದ ಹಾಲಿಗೆ ಡೈರಿಯವರು ದುಡ್ಡು ಕೊಡ್ತಾರಾ, ನಿಮ್ಮ ಮೇಡಂ ಕೊಡ್ತಾರಾ?" ಪ್ರಯೋಗ ಅಲ್ಲಿಗೇ ನಿಂತಿತು. ಮೂರು ವರ್ಷ ಎಲ್ಲರ ಬಾಯಲ್ಲೂ ನಾನು 'ಬಕೆಟ್'.

ಬುದ್ಧಿಶಕ್ತಿ, ವ್ಯಕ್ತಿತ್ವ, ಭಾವನೆ ಎಲ್ಲ ಓದಿದೆವು, ಅದರಲ್ಲಿ ಉಳಿದಿರುವುದು ಕಡಿಮೆ. ಚೆನ್ನಾಗಿ ಉಳಿದಿರುವುದು ನೆನಪಿನ ಪಾಠವೇ. ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಪದಗಳನ್ನು ಉರುಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆ ಅಂತ ತನ್ನ ಮೇಲೇ ಪರೀಕ್ಷೆ ಮಾಡಿಕೊಂಡು 1885ರಲ್ಲಿ ಪುಸ್ತಕ ಬರೆದ. ಮೊದಮೊದಲು ಗಬಗಬನೆ ಮರೆಯುತ್ತೇವೆ, ಆಮೇಲೆ ನಿಧಾನ. ನಮಗೂ ಪ್ರಾಕ್ಟಿಕಲ್‌ಗೆ ಮೇಡಂ ಕನ್ನಡ ಅಕ್ಷರದಲ್ಲಿ ಅಂಥದೊಂದು ಪಟ್ಟಿ ಮಾಡಿದ್ದರು. ಅದರಲ್ಲಿ 'ಚೇಪ' ಅಂತ ಒಂದು ಪದ. ಮುಳಬಾಗಿಲು ಕಡೆಯ ಹುಡುಗಿಯರೆಲ್ಲ ಅದನ್ನೊಂದು ಮಾತ್ರ ತಪ್ಪದೆ ಬರೆದರು. ತೆಲುಗಿನಲ್ಲಿ ಚೇಪ ಅಂದರೆ ಮೀನು! ಕೋಲಾರದಲ್ಲಿ ಅರ್ಥವಿಲ್ಲದ ಪದ ಹುಡುಕುವುದು ಸುಲಭವಲ್ಲ ಅಂತ ಮೇಡಂ ಅವತ್ತು ಹೊಟ್ಟೆ ಹಿಡಿದು ನಕ್ಕರು.

ಇನ್ನು ಕನ್ನಡಿ ಪ್ರಯೋಗ. ಎರಡು ಗೆರೆಯ ನಕ್ಷತ್ರ ಅಚ್ಚಾದ ಹಾಳೆ. ಕೈ ಕಾಣದ ಹಾಗೆ ಅಡ್ಡಕ್ಕೆ ಒಂದು ತಗಡು. ಎದುರಿಗೆ ಕನ್ನಡಿ. ಕನ್ನಡಿಯನ್ನು ಮಾತ್ರ ನೋಡುತ್ತಾ ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ನೇರ ಗೆರೆ ಹೇಗೋ ಆಗುತ್ತದೆ. ಮೂಲೆ ಬಂದ ಕೂಡಲೇ ಪೆನ್ಸಿಲ್ ಉಲ್ಟಾ ಓಡುತ್ತದೆ, ತಿದ್ದಲು ಹೋದಷ್ಟೂ ದೂರ ಓಡುತ್ತದೆ. ಸ್ಟಾಪ್‌ವಾಚ್ ಹಿಡಿದವರಿಗೆ ನಗು, ಪೆನ್ಸಿಲ್ ಹಿಡಿದವರಿಗೆ ಬೆವರು. ಬಲಗೈಯಲ್ಲಿ ಒಂದು ಸಲ, ಎಡಗೈಯಲ್ಲಿ ಹತ್ತು ಸಲ, ಮತ್ತೆ ಬಲಗೈ. ಅಭ್ಯಾಸ ಮಾಡಿದ್ದು ಎಡಗೈ, ಆದರೂ ಬಲಗೈಯ ತಪ್ಪು ಇಳಿದಿರುತ್ತದೆ. ಕೊನೆಗೆ ಪ್ರಯೋಗಕ್ಕೆ ಕೂತವರು ತಮಗೆ ಏನನ್ನಿಸಿತು ಅಂತ ಅಂತರಾವಲೋಕನ ವರದಿ ಕೊಡಬೇಕು.

ಆವತ್ತೇ ಮೇಡಂ ಎಚ್.ಎಂ. ಕಥೆ ಹೇಳಿದರು. ಅಮೆರಿಕದ ಆ ಮನುಷ್ಯನಿಗೆ ಮೂರ್ಛೆರೋಗ ನಿಲ್ಲಿಸಲು 1953ರಲ್ಲಿ ಮಿದುಳಿನ ಆಪರೇಷನ್ ಮಾಡಿದರು. ಅಲ್ಲಿಂದಾಚೆಗೆ ಹೊಸ ಘಟನೆ ಯಾವುದೂ ನೆನಪಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನೋ ಮನೋವಿಜ್ಞಾನಿ ಅವನಿಗೆ ಇದೇ ಕನ್ನಡಿ ನಕ್ಷತ್ರ ಕೊಟ್ಟರು. ಮೂರು ದಿನದಲ್ಲಿ ಕೈ ಚೆನ್ನಾಗಿ ಪಳಗಿತು. ಆದರೆ ಪ್ರತಿ ದಿನವೂ ಅವನಿಗೆ ಅದು ಹೊಸದೇ, ಹಿಂದೆ ಮಾಡಿದ ನೆನಪೇ ಇಲ್ಲ. ಕೈಯ ನೆನಪು ಒಂದು ಕಡೆ, ಬಾಯಲ್ಲಿ ಹೇಳುವ ನೆನಪು ಇನ್ನೊಂದು ಕಡೆ. ಅವತ್ತು ನನ್ನ ಕೈಯನ್ನೇ ತುಂಬ ಹೊತ್ತು ನೋಡಿಕೊಂಡಿದ್ದೆ.

ಆ ದಿನದ ನನ್ನ ವರದಿಯ ಸಾಲು ಇಷ್ಟು ವರ್ಷವೂ ನಾಲಿಗೆಯ ತುದಿಯಲ್ಲಿದೆ: "ಕೈ ನನ್ನ ಮಾತು ಕೇಳಲಿಲ್ಲ, ಯಾರದೋ ಕೈ ಅನ್ನಿಸಿತು." ಮಕ್ಕಳಿಗೆ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ಈ ಲೇಖನಕ್ಕೆ ಅಂತ ಹಳೆಯ ಗೆಳತಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. "ಅದು ನಾನು ಹೇಳಿದ್ದು ಕಣೆ. ನೀನು ಸ್ಟಾಪ್‌ವಾಚ್ ಹಿಡ್ಕೊಂಡು ಕಿಸಿಕಿಸಿ ನಗ್ತಿದ್ದೆ" ಅಂದಳು.

ಜಗಳವೇ ಆಯಿತು. ಅಮ್ಮನ ಮನೆಯ ಟ್ರಂಕಿನಿಂದ ರೆಕಾರ್ಡ್ ಪುಸ್ತಕ ತೆಗೆಸಿದೆ. ಬಾರ್ಟ್‌ಲೆಟ್ ಅನ್ನೋ ಬ್ರಿಟಿಷ್ ಮನೋವಿಜ್ಞಾನಿ 1932ರಲ್ಲೇ ಬರೆದಿದ್ದ, ನಾವು ನೆನಪನ್ನು ಪೆಟ್ಟಿಗೆಯಿಂದ ತೆಗೆಯುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುತ್ತೇವೆ ಅಂತ. ಅದನ್ನು ನಾನೇ ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಎಂಟು ತೆಗೆದುಕೊಂಡಿದ್ದೆ. ಟ್ರಂಕಿನ ಪೆಟ್ಟಿಗೆ ಪಾಪ, ಸುಳ್ಳು ಹೇಳಲಿಲ್ಲ. ನಕ್ಷತ್ರದ ಹಾಳೆ ಹಳದಿಯಾಗಿತ್ತು. ಕೆಳಗೆ ಆ ಸಾಲು ನನ್ನ ಕೈಬರಹದಲ್ಲೇ ಇತ್ತು. ಪ್ರಯೋಗಕ್ಕೆ ಕೂತವರ ಹೆಸರಿನ ಜಾಗದಲ್ಲಿ ಅವಳ ಹೆಸರು.

ಮತ್ತೆ ಫೋನ್ ಮಾಡಿ ಸೋಲು ಒಪ್ಪಿಕೊಂಡೆ.

"ಮೊದಲನೇ ಸಲ ಎಷ್ಟು ತಪ್ಪು ಅಂತ ಇದೆ?" ಅಂತ ಕೇಳಿದಳು.

"41."

"ಹಂಗಿದ್ರೆ ಅದು ನಿಂದೇ ಇರಬೇಕು, ಇನ್ನೊಂದ್ಸಲ ಸರಿಯಾಗಿ ನೋಡು."